ತಾರೀಖಿಲ್ಲದ ಕಾಗದಗಳು: ಕೆನರಾ ಪ್ರಾಂತದ ಆಂಗ್ಲ ಪತ್ರಗಳೂ ಅವುಗಳ ಕಾಲನಿರ್ಣಯವೂ

ಹದಿನೆಂಟನೆಯ ಶತಮಾನದ ಬ್ರಿಟಿಷ್ ರಾಜಕಾರಣಿಗಳು ಸ್ವಹಸ್ತದಿಂದ ಬರೆದ ಖಾಸಗಿ ಪತ್ರಗಳಲ್ಲಿ ತಾರೀಖಿಲ್ಲದವು ಅಪರೂಪವೇನಲ್ಲ. ಕೆಲವು ಪತ್ರಗಳ ತಲೆಯಲ್ಲಿ ‘ಮಂಗಳವಾರ ಸಂಜೆ’ ಎಂದಷ್ಟೇ ಇರುತ್ತದೆ, ಕೆಲವದರಲ್ಲಿ ದಿನವೂ ತಿಂಗಳೂ ಇದ್ದು ವರ್ಷ ಮಾತ್ರ ಇರುವುದಿಲ್ಲ, ಇನ್ನು ಕೆಲವದರಲ್ಲಿ ಅದೂ ಇಲ್ಲ. ಓದುವವನಿಗೆ ಸಂದರ್ಭ ಗೊತ್ತೇ ಇದ್ದುದರಿಂದ ಅದನ್ನು ಬರೆದು ತಿಳಿಸುವ ಅಗತ್ಯ ಬರೆದವನಿಗೆ ಕಾಣಲಿಲ್ಲ. ಪತ್ರಾಗಾರಗಳ ಸೂಚಿಗಳಲ್ಲಿ ಇಂಥವು ‘ದಿನಾಂಕರಹಿತ’ ಎಂಬ ಒಂದೇ ಶೀರ್ಷಿಕೆಯಡಿ ಕಟ್ಟಿನ ಕೊನೆಗೆ ಸೇರಿ, ಸಂಶೋಧಕರ ಗಮನಕ್ಕೂ ಕೊನೆಯಲ್ಲಿಯೇ ಬರುತ್ತವೆ. ಇದು ತುಳುನಾಡಿಗೆ ಸಂಬಂಧವಿಲ್ಲದ ಸಂಗತಿಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಾಗ, ಚಾರ್ಮಾಡಿ ಘಟ್ಟದ ಬುಡದಲ್ಲಿರುವ ನೆರಿಯದಂಥ ಊರುಗಳ ಬೈಲು, ಮಜಲು, ಬೆಟ್ಟು ಗದ್ದೆಗಳ ಮೇಲೆ ಯಾರಿಗೆ ಎಂಥ ಹಕ್ಕು, ಸರಕಾರಕ್ಕೆ ಎಷ್ಟು ತೀರ್ವೆ ಎಂಬುದನ್ನು ತೀರ್ಮಾನಿಸಿದ್ದು ಯುದ್ಧಕ್ಕಿಂತ ಹೆಚ್ಚಾಗಿ ಪತ್ರವ್ಯವಹಾರ. ಲಂಡನ್ನಿನಿಂದ ಹೆನ್ರಿ ಡಂಡಾಸ್, ಕಲ್ಕತ್ತಾದಿಂದ ರಿಚರ್ಡ್ ವೆಲ್ಲೆಸ್ಲಿ, ಶ್ರೀರಂಗಪಟ್ಟಣದಿಂದ ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ, ಕೆನರಾದ ಡೇರೆಗಳಿಂದ ಥಾಮಸ್ ಮನ್ರೋ ಬರೆದ ಕಾಗದಗಳು 1799, 1800ರ ಆ ಎರಡು ವರ್ಷಗಳ ಇತಿಹಾಸಕ್ಕೆ ಮುಖ್ಯ ಆಕರಗಳಾಗಿವೆ. ಅವುಗಳ ಕಾಲವನ್ನು ತಿಂಗಳ ಮಟ್ಟದಲ್ಲಿ ಖಚಿತಪಡಿಸಿಕೊಳ್ಳದೆ ಅವುಗಳಿಂದ ವಾಕ್ಯಗಳನ್ನು ಎತ್ತಿಕೊಂಡರೆ ಈ ನಾಡಿನ ಭೂಮಿಯ ಚರಿತ್ರೆಯೇ ತಪ್ಪುದಾರಿ ಹಿಡಿಯುತ್ತದೆ.

ಈ ನಾಲ್ವರಲ್ಲಿ ಪೂರ್ಣಾರ್ಥದಲ್ಲಿ ರಾಜಕಾರಣಿ ಎನ್ನಿಸಿಕೊಳ್ಳುವವನು 1742ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಪ್ರಧಾನಿ ಕಿರಿಯ ಪಿಟ್‌ನ ಆಪ್ತನಾಗಿ ಬೆಳೆದ ಹೆನ್ರಿ ಡಂಡಾಸ್. 1784ರ ಇಂಡಿಯಾ ಕಾಯ್ದೆಯ ಮೂಲಕ ಸ್ಥಾಪನೆಯಾದ ಬೋರ್ಡ್ ಆಫ್ ಕಂಟ್ರೋಲ್, ಅಂದರೆ ಕಂಪನಿಯ ಆಡಳಿತದ ಮೇಲೆ ಬ್ರಿಟಿಷ್ ಸರಕಾರದ ಪರವಾಗಿ ಹತೋಟಿ ಇರಿಸಿದ್ದ ಮಂಡಳಿಗೆ ಅವನು 1793ರಿಂದ 1801ರವರೆಗೆ ಅಧ್ಯಕ್ಷನಾಗಿದ್ದ. ಭಾರತದ ನೆಲವನ್ನು ಒಮ್ಮೆಯೂ ಮೆಟ್ಟದೆ ಅದರ ರಾಜ್ಯಗಳ ಗಡಿಗಳ ಬಗ್ಗೆ ಅಭಿಪ್ರಾಯ ಬರೆದು ಕಳುಹಿಸುತ್ತಿದ್ದವರಲ್ಲಿ ಅವನು ಅಗ್ರಗಣ್ಯ. 1798ರಿಂದ 1805ರವರೆಗೆ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿ ಇಲ್ಲಿಗೆ ಬರುವ ಮುನ್ನ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕುಳಿತಿದ್ದವನು, ಡಂಡಾಸನ ಮಂಡಳಿಯಲ್ಲಿಯೂ ಸದಸ್ಯನಾಗಿದ್ದವನು. ಅವರಿಬ್ಬರ ನಡುವಣ ಖಾಸಗಿ ಪತ್ರವ್ಯವಹಾರ ಆ ಕಾಲದ ನೀತಿಯನ್ನು ಸರಕಾರಿ ಕಡತಗಳಿಗಿಂತ ಬಿಚ್ಚುಮನಸ್ಸಿನಿಂದ ತೋರಿಸುತ್ತದೆ. ಆರ್ಥರ್ ವೆಲ್ಲೆಸ್ಲಿಯು ಸೈನಿಕನೆಂದೇ ಹೆಸರಾದರೂ 1790ರಿಂದ 1797ರವರೆಗೆ ಐರ್ಲೆಂಡಿನ ಪಾರ್ಲಿಮೆಂಟಿನಲ್ಲಿ ಟ್ರಿಮ್ ಕ್ಷೇತ್ರದ ಪ್ರತಿನಿಧಿಯಾಗಿದ್ದ, ಮುಂದೆ 1828ರಲ್ಲಿ ಬ್ರಿಟನ್ನಿನ ಪ್ರಧಾನಿಯೂ ಆದ. ಗ್ಲಾಸ್ಗೋದಲ್ಲಿ 1761ರಲ್ಲಿ ಹುಟ್ಟಿ 1780ರಲ್ಲಿ ಮದ್ರಾಸಿಗೆ ಬಂದಿಳಿದ ಮನ್ರೋ ಮಾತ್ರ ರಾಜಕಾರಣಿಯಲ್ಲ. ಆದರೆ ರಾಜಕಾರಣಿಗಳು ಓದಿ ತೀರ್ಮಾನಕ್ಕೆ ಬಂದದ್ದು ಅವನ ಪತ್ರಗಳನ್ನು, ಮತ್ತು ಕೆನರಾವನ್ನು ಕಣ್ಣಾರೆ ಕಂಡು ಊರೂರು ತಿರುಗಿ ಬರೆದವನು ಅವನೊಬ್ಬನೇ.

ತಾರೀಖಿಲ್ಲದ ಕಾಗದದ ಕಾಲವನ್ನು ಕಂಡುಹಿಡಿಯುವ ಕೆಲಸ ಓದಿನಿಂದಲ್ಲ, ಕಾಗದವನ್ನು ಮುಟ್ಟಿ ನೋಡುವುದರಿಂದ ಆರಂಭವಾಗುತ್ತದೆ. ಆ ಕಾಲದಲ್ಲಿ ಲಕೋಟೆಯ ಬಳಕೆ ವಿರಳವಾಗಿತ್ತು. ದೊಡ್ಡ ಹಾಳೆಯನ್ನು ನಡುವೆ ಮಡಿಚಿ ನಾಲ್ಕು ಪುಟ ಮಾಡಿ, ಮೊದಲ ಮೂರರಲ್ಲಿ ಬರೆದು, ನಾಲ್ಕನೆಯದು ಹೊರಗೆ ಬರುವಂತೆ ಮತ್ತೆ ಮಡಿಚಿ, ಅರಗು ಕರಗಿಸಿ ಮುದ್ರೆಯೊತ್ತಿ, ಹೊರಮೈಯಲ್ಲಿ ವಿಳಾಸ ಬರೆಯಲಾಗುತ್ತಿತ್ತು. ಪತ್ರವನ್ನು ಬಿಡಿಸುವಾಗ ಅರಗಿನೊಡನೆ ಹರಿದುಹೋದ ಚೂರಿನಲ್ಲಿ ಒಂದೆರಡು ಪದಗಳು ಕಾಣೆಯಾಗಿರುವುದು ಸಾಮಾನ್ಯ. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಾಡಿದ ಮಸಿ ಬರೆದ ಹೊತ್ತಿಗೆ ನಸುಗಪ್ಪಾಗಿದ್ದು, ಗಾಳಿ ತಾಗಿದಂತೆ ಕಡುಗಪ್ಪಾಗಿ, ಶತಮಾನಗಳ ಬಳಿಕ ಕಂದಿ ಕಾಗದವನ್ನೇ ತಿನ್ನತೊಡಗುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ ಜಲಚಿಹ್ನೆ, ಅಂದರೆ ಕಾಗದ ತಯಾರಿಸುವಾಗಲೇ ಅಚ್ಚಿನ ತಂತಿಯಿಂದ ಅದರೊಳಗೆ ಮೂಡಿಸಿದ ಗುರುತು, ಕಾಲನಿರ್ಣಯಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. 1794ರ ಒಂದು ಕಾಯ್ದೆಯು, ಜಲಚಿಹ್ನೆಯಲ್ಲಿ ವರ್ಷ ನಮೂದಿಸಿದ ಕಾಗದವನ್ನು ಹೊರದೇಶಕ್ಕೆ ಕಳುಹಿಸಿದರೆ ತೆರಿಗೆಯನ್ನು ಮರಳಿ ಕೊಡುವುದಾಗಿ ಹೇಳಿದ್ದರಿಂದ, ಇಂಗ್ಲೆಂಡಿನ ಕಾಗದದ ಕಾರ್ಖಾನೆಗಳು ಆ ವರ್ಷದಿಂದ ತಮ್ಮ ಅಚ್ಚುಗಳಲ್ಲಿ ಇಸವಿಯನ್ನೂ ಹೊಲಿಯತೊಡಗಿದವು. ‘1797’ ಎಂಬ ಅಂಕಿಯುಳ್ಳ ಹಾಳೆಯ ಮೇಲೆ 1796ರಲ್ಲಿ ಯಾರೂ ಬರೆದಿರಲಾರರು. ಭಾರತಕ್ಕೆ ಬಂದದ್ದೆಲ್ಲ ರಫ್ತಿನ ಕಾಗದವಾದುದರಿಂದ ಕಂಪನಿ ಅಧಿಕಾರಿಗಳ ಪತ್ರಗಳಿಗೆ ಈ ಸಾಕ್ಷಿ ವಿಶೇಷವಾಗಿ ಒದಗುತ್ತದೆ. ಆದರೆ ಅದು ಹೇಳುವುದು ‘ಇದಕ್ಕಿಂತ ಹಿಂದಲ್ಲ’ ಎಂಬುದನ್ನು ಮಾತ್ರ, ಏಕೆಂದರೆ ಹಡಗಿನಲ್ಲಿ ಬಂದ ಕಾಗದದ ರೀಮು ಕಚೇರಿಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿಯುವುದಿತ್ತು.

ಪತ್ರದ ಹೊರಮೈ ಒಳಮೈಗಿಂತ ಹೆಚ್ಚು ಹೇಳುವ ಸಂದರ್ಭಗಳೂ ಇವೆ. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಿಗೆ ಪತ್ರಗಳನ್ನು ಅಂಚೆವೆಚ್ಚವಿಲ್ಲದೆ ಕಳುಹಿಸುವ ಸವಲತ್ತಿತ್ತು, ಮತ್ತು ಅದರ ದುರುಪಯೋಗ ವಿಪರೀತವಾಗಿತ್ತು. ಸ್ನೇಹಿತರಿಗೆ, ವ್ಯಾಪಾರಿಗಳಿಗೆ ಸದಸ್ಯರು ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಡುತ್ತಿದ್ದರು. ಇದನ್ನು ತಡೆಯಲು 1764ರಲ್ಲಿ ಸದಸ್ಯನೇ ಪೂರ್ತಿ ವಿಳಾಸವನ್ನು ಬರೆಯಬೇಕೆಂದೂ, 1784ರಲ್ಲಿ ಅದರ ಜೊತೆಗೆ ಊರಿನ ಹೆಸರನ್ನೂ ದಿನ, ತಿಂಗಳು, ವರ್ಷಗಳನ್ನೂ ಕೈಯಾರೆ ನಮೂದಿಸಬೇಕೆಂದೂ ನಿಯಮ ಬಂತು. ಹೀಗಾಗಿ 1784ರ ಬಳಿಕ ರಾಜಕಾರಣಿಯೊಬ್ಬ ಒಳಗೆ ತಾರೀಖು ಹಾಕದೆ ಬರೆದ ಪತ್ರದ ಹೊರಗೆ, ಕಾನೂನಿನ ಬಲವಂತದಿಂದ, ಪೂರ್ಣ ತಾರೀಖು ಇರುವ ವಿಚಿತ್ರ ಉಂಟಾಯಿತು. ಸಂಗ್ರಾಹಕರು ಸಹಿಗಾಗಿ ಆ ಹೊರಮೈಯನ್ನು ಕತ್ತರಿಸಿಟ್ಟುಕೊಂಡು ಉಳಿದುದನ್ನು ಮಾರಿದಲ್ಲೆಲ್ಲ ಈ ಸಾಕ್ಷಿ ಅಳಿದುಹೋಗಿದೆ. ಲಂಡನ್ನಿನ ಅಂಚೆ ಮುದ್ರೆಯಾದರೋ 1661ರಿಂದ ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ದಿನ ಮತ್ತು ತಿಂಗಳನ್ನು ಮಾತ್ರ ತೋರಿಸುತ್ತಿತ್ತು. ಪತ್ರ ಎಷ್ಟು ಹೊತ್ತು ಅಂಚೆಮನೆಯಲ್ಲಿ ಉಳಿಯಿತೆಂಬುದಷ್ಟೇ ಅದಕ್ಕೆ ಮುಖ್ಯವಾಗಿತ್ತು. ಭಾರತದ ಪತ್ರಗಳಲ್ಲಿ ಇವೆರಡಕ್ಕಿಂತ ಉಪಯುಕ್ತವಾದದ್ದು ಹಿಂಬರಹ: ಪತ್ರ ಪಡೆದವನ ಗುಮಾಸ್ತನು ಅದನ್ನು ಉದ್ದಕ್ಕೆ ಮಡಿಚಿ ಕಟ್ಟಿಗೆ ಸೇರಿಸುವಾಗ ಬೆನ್ನ ಮೇಲೆ ಬರೆದವನ ಹೆಸರು ಮತ್ತು ತಲುಪಿದ ದಿನವನ್ನು ಗುರುತು ಹಾಕುತ್ತಿದ್ದ.

ಒಳಗಿನ ಸಾಕ್ಷ್ಯಗಳಲ್ಲಿ ಹೆಸರು ಮತ್ತು ಪದವಿಗಳೇ ಮೊದಲನೆಯವು. ಆರ್ಥರ್ ವೆಲ್ಲೆಸ್ಲಿ 1798ರವರೆಗೂ ತನ್ನ ಹೆಸರನ್ನು ‘ವೆಸ್ಲಿ’ ಎಂದು ಬರೆಯುತ್ತಿದ್ದ; ಆ ವರ್ಷ ಅವನ ಸಹಿ ‘ವೆಲ್ಲೆಸ್ಲಿ’ ಎಂದು ಬದಲಾಯಿತು, 1809ರ ಬಳಿಕ ‘ವೆಲಿಂಗ್ಟನ್’ ಎಂದಾಯಿತು. ಅವನ ಅಣ್ಣನು 1799ರ ಡಿಸೆಂಬರಿನಲ್ಲಿ ಮಾರ್ಕ್ವೆಸ್ ಪದವಿ ಪಡೆಯುವವರೆಗೆ ‘ಮಾರ್ನಿಂಗ್ಟನ್ ಪ್ರಭು’ ಆಗಿದ್ದ, ಮತ್ತು ಆ ಸುದ್ದಿ ಭಾರತ ಮುಟ್ಟಲು ತಿಂಗಳುಗಳೇ ಹಿಡಿದುದರಿಂದ 1800ರ ಆರಂಭದಲ್ಲಿ ಇಲ್ಲಿ ಬರೆದ ಪತ್ರಗಳಲ್ಲಿಯೂ ಹಳೆಯ ಹೆಸರೇ ಮುಂದುವರಿದಿದೆ. ಮನ್ರೋ 1800ರಲ್ಲಿ ಮೇಜರ್, 1804ರಲ್ಲಿ ಲೆಫ್ಟಿನೆಂಟ್ ಕರ್ನಲ್; ಅವನನ್ನು ಕ್ಯಾಪ್ಟನ್ ಎಂದು ಕರೆದು ಕೆನರಾದ ವಿಳಾಸಕ್ಕೆ ಬಂದ ಪತ್ರ ಕೆಲವೇ ತಿಂಗಳ ಅವಧಿಯೊಳಗೆ ಬೀಳುತ್ತದೆ. ಸುದ್ದಿಯ ಪಯಣವೂ ಹೀಗೆಯೇ ನೆರವಿಗೆ ಬರುತ್ತದೆ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು, ಲಂಡನ್ನಿಗೆ ಅದು ತಿಳಿದದ್ದು ಸೆಪ್ಟೆಂಬರಿನಲ್ಲಿ. ಆ ವಿಜಯಕ್ಕೆ ಅಭಿನಂದನೆ ಹೇಳುವ ಲಂಡನ್ನಿನ ಪತ್ರಕ್ಕೆ ತಾರೀಖು ಇಲ್ಲದಿದ್ದರೂ ಅದು ಆ ಸೆಪ್ಟೆಂಬರಿಗಿಂತ ಹಿಂದಿನದಾಗಲಾರದು. ಅತ್ಯಂತ ಮುಖ್ಯವಾದ ಪತ್ರಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಎರಡು ಮೂರು ಪ್ರತಿಗಳಾಗಿ ಕಳುಹಿಸುವ ಪದ್ಧತಿಯಿದ್ದುದರಿಂದ, ಒಂದರಲ್ಲಿ ಬಿಟ್ಟುಹೋದ ತಾರೀಖು ಇನ್ನೊಂದರಲ್ಲಿ ದೊರೆಯುವುದೂ ಉಂಟು.

ವಾರ ಮತ್ತು ದಿನ ಮಾತ್ರ ಇರುವ ಪತ್ರಕ್ಕೆ ಲೆಕ್ಕಾಚಾರ ಬೇಕಾಗುತ್ತದೆ. ಮೇ 4 ಶನಿವಾರ ಬಿದ್ದದ್ದು ಆ ದಶಕಗಳಲ್ಲಿ 1793, 1799 ಮತ್ತು 1805ರಲ್ಲಿ. ‘ಶನಿವಾರ, ಮೇ 4’ ಎಂದಿರುವ ಪತ್ರದಲ್ಲಿ ಕೋಟೆಯ ಗೋಡೆ ಒಡೆದ ಮಾತಿದ್ದರೆ 1799ನ್ನು ಆರಿಸಿಕೊಳ್ಳಲು ಕಷ್ಟವಿಲ್ಲ. ಅಂಥ ಮಾತಿಲ್ಲದೆ ಜ್ವರ, ಸಾಲ, ಬಡ್ತಿಗಳ ವಿಚಾರವಷ್ಟೇ ಇದ್ದರೆ ಮೂರು ವರ್ಷಗಳೂ ತೆರೆದೇ ಉಳಿಯುತ್ತವೆ. 1752ಕ್ಕಿಂತ ಹಿಂದಿನ ಇಂಗ್ಲಿಷ್ ಪತ್ರಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದ ತೊಡಕು ಬೇರೆ ಇದೆ, ಆದರೆ ಕೆನರಾದ ಕಾಗದಗಳಿಗೆ ಅದು ತಾಗುವುದಿಲ್ಲ.

ಆಂಗ್ಲರ ಈ ಸಮಸ್ಯೆಗೆ ಸರಿಸಾಟಿಯಾದದ್ದು ತುಳುನಾಡಿನ ದಾಖಲೆಗಳಲ್ಲಿಯೇ ಇದೆ ಎಂಬುದನ್ನು ಇಲ್ಲಿನ ಸಂಶೋಧಕರು ಬಲ್ಲರು. ಓಲೆಗಳಲ್ಲಿ, ಮೂಲಗೇಣಿ ಚೀಟುಗಳಲ್ಲಿ, ದೇವಸ್ಥಾನದ ಲೆಕ್ಕಗಳಲ್ಲಿ ಸಂವತ್ಸರದ ಹೆಸರು, ಮಾಸ, ದಿನಗಳು ಇರುತ್ತವೆ. ಶಾಲಿವಾಹನ ಶಕವರ್ಷವನ್ನು ಅಂಕಿಯಲ್ಲಿ ಕೊಡದಿದ್ದರೆ ಆ ಸಂವತ್ಸರ ಅರವತ್ತು ವರ್ಷಗಳಿಗೊಮ್ಮೆ ಮರುಕಳಿಸುವುದರಿಂದ ದಾಖಲೆ ಯಾವ ಶತಮಾನದ್ದೆಂದು ಹೇಳುವುದಕ್ಕೆ ಬೇರೆ ಆಧಾರ ಬೇಕು. ಸಿದ್ಧಾರ್ಥಿ ಸಂವತ್ಸರ 1739-40ರಲ್ಲಿ, 1799-1800ರಲ್ಲಿ, 1859-60ರಲ್ಲಿ ಬಂದಿದೆ. ಮೊದಲನೆಯದು ಕೆಳದಿ ನಾಯಕರು ಬಿದನೂರಿನಿಂದ ಆಳುತ್ತಿದ್ದ ಕಾಲ, ಎರಡನೆಯದು ಕಂಪನಿಯ ಆಳ್ವಿಕೆಯ ಮೊದಲ ವರ್ಷ, ಮೂರನೆಯದು ಕಂಪನಿ ಹೋಗಿ ಬ್ರಿಟಿಷ್ ರಾಣಿಯ ಆಳ್ವಿಕೆ ಬಂದ ಕಾಲ. ಬರೆದ ದಿನವನ್ನು ಒಂದು ಬೆರಳಿನಷ್ಟೂ ತಪ್ಪದೆ ಹೇಳುವ ದಾಖಲೆ, ಅರವತ್ತು ವರ್ಷಗಳ ಅಂತರದಲ್ಲಿ ಮೂರು ಬೇರೆ ಬೇರೆ ಸರಕಾರಗಳಿಗೆ ಸೇರಬಹುದಾದ ಈ ಸ್ಥಿತಿಯಲ್ಲಿ, ವರಹದ ಬಗೆ, ತೆರಿಗೆಯ ಹೆಸರು, ‘ಕುಂಪಣಿ’ ಎಂಬ ಒಂದು ಪದವೇ ನಿರ್ಣಾಯಕವಾಗುತ್ತದೆ. ಇದರ ನಡುವೆ ಟಿಪ್ಪು ಸುಲ್ತಾನನು ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದು, ತಿಂಗಳುಗಳಿಗೂ ವರ್ಷಗಳಿಗೂ ಹೊಸ ಹೆಸರುಗಳನ್ನಿಟ್ಟು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದರಿಂದ, ಅವನ ಕಾಲದ ಸರಕಾರಿ ಕಾಗದಗಳನ್ನು ಓದಲು ಬೇರೆಯೇ ಕೋಷ್ಟಕ ಬೇಕು. ಕಂಪನಿಯ ಕಚೇರಿಗಳು ಬಳಸಿದ್ದು ಫಸಲಿ ವರ್ಷ, ಅಂದರೆ ಜುಲೈಯಲ್ಲಿ ಆರಂಭವಾಗುವ ಕಂದಾಯದ ವರ್ಷ. ಮದ್ರಾಸಿನ ಎಣಿಕೆಯಲ್ಲಿ ಫಸಲಿಗೆ 590 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ, ಹಾಗಾಗಿ ಕೆನರಾದ ಮೊದಲ ಜಮಾಬಂದಿ ಫಸಲಿ 1209ರದು. ಊರಿನ ಒಕ್ಕಲಿನವನಿಗಾದರೋ ಇವೆಲ್ಲಕ್ಕಿಂತ ಮಿಗಿಲಾಗಿ ಲೆಕ್ಕ ಸಿಗುತ್ತಿದ್ದುದು ಪಗ್ಗು, ಬೇಶ, ಕಾರ್ತೆಲ್, ಆಟಿ ಎಂಬ ಸೌರಮಾಸಗಳಲ್ಲಿ.

ಮನ್ರೋ ಕಂಪನಿಯ ಕಂದಾಯ ಅಧಿಕಾರಿಯಾಗಿ ಕೆನರಾಕ್ಕೆ ಬಂದಾಗ ಅವನ ಕೈಗೆ ಸಿಕ್ಕಿದ ದಾಖಲೆಗಳು ಬಹುಮಟ್ಟಿಗೆ ಕಡತಗಳ ರೂಪದಲ್ಲಿದ್ದವು. ಇಲ್ಲಿ ಕಡತವೆಂದರೆ ಇಂದಿನ ಕಚೇರಿಯ ಕಾಗದದ ಕಟ್ಟಲ್ಲ. ಹುಣಸೆಬೀಜದ ಅಂಟಿಗೆ ಇದ್ದಿಲಿನ ಪುಡಿ ಕಲಸಿ ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿಸಿ, ಮುಂದೆ ಹಿಂದೆ ಮಡಿಕೆ ಹಾಕಿ, ಎರಡು ತುದಿಗೆ ಮರದ ಹಲಗೆ ಕಟ್ಟಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದ ಕಡ್ಡಿಯಿಂದ ಬೆಳ್ಳಗೆ ಬರೆಯಲಾಗುತ್ತಿತ್ತು. ಹುಳ ಹಿಡಿಯದ, ಕರಾವಳಿಯ ಮಳೆಗಾಲದ ತೇವಕ್ಕೆ ಕಾಗದಕ್ಕಿಂತ ಚೆನ್ನಾಗಿ ತಾಳುವ ವಸ್ತುವದು. ಆದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಅಳಿಯುತ್ತದೆ, ಅದೇ ಜಾಗದಲ್ಲಿ ಹೊಸ ಅಂಕಿ ಬರೆಯಬಹುದು. ಹಾಗಾಗಿ ಕಡತದ ತಲೆಯಲ್ಲಿರುವ ತಾರೀಖು ಅದರೊಳಗಿನ ಪ್ರತಿಯೊಂದು ಸಾಲಿನ ತಾರೀಖಲ್ಲ. ಶಾನುಭೋಗರು ಈ ಪುಸ್ತಕಗಳನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು, ಹೊಸ ಅಧಿಕಾರಿಗೆ ತೋರಿಸಲು ಅವರಿಗೆ ಮನಸ್ಸಿರಲಿಲ್ಲ, ರೈತರೂ ತೀರ್ವೆಯ ಮಾತಿಗೆ ಕಚೇರಿಗೆ ಬರಲು ಮೊದಮೊದಲು ಒಪ್ಪಲಿಲ್ಲ. ಎಲ್ಲ ಲೆಕ್ಕಗಳನ್ನೂ ಶಾನುಭೋಗರೇ ಬರೆದಿದ್ದರೆಂಬುದನ್ನೂ, ಹಿಂದಿನ ಕಂದಾಯ ಕಡಿಮೆಯಿತ್ತೆಂದು ತೋರಿಸುವುದು ಊರಿನವರೆಲ್ಲರಿಗೂ ಲಾಭದಾಯಕವಾಗಿತ್ತೆಂಬುದನ್ನೂ ಮನ್ರೋನ ಲೆಕ್ಕಾಚಾರವನ್ನು ಹಾಗೆಯೇ ಒಪ್ಪಿಕೊಂಡ ಬರಹಗಾರರು ಮರೆತಿದ್ದಾರೆ.

ಆ ಲೆಕ್ಕಾಚಾರ ದೊರೆಯುವುದು 1800ರ ಮೇ 31ರಂದು ಅವನು ಮದ್ರಾಸಿನ ರೆವಿನ್ಯೂ ಬೋರ್ಡಿಗೆ, ಅಂದರೆ ಕಂದಾಯ ಮಂಡಳಿಗೆ ಬರೆದ ದೀರ್ಘ ಪತ್ರದಲ್ಲಿ. ವಿಜಯನಗರದ ಹರಿಹರರಾಯನ ಕಾಲದಲ್ಲಿ ಎರಡೂವರೆ ಕಟ್ಟಿ ಬೀಜ ಬಿತ್ತಿದ ಗದ್ದೆಗೆ ಮೂವತ್ತು ಕಟ್ಟಿ ಬೆಳೆಯೆಂದು ಹಿಡಿದು, ಅದರಲ್ಲಿ ಅರ್ಧವನ್ನು ಗೇಯುವವನಿಗೂ ಕಾಲು ಭಾಗವನ್ನು ಭೂಮಾಲಿಕನಿಗೂ ಬಿಟ್ಟು, ಉಳಿದ ಕಾಲು ಭಾಗದಲ್ಲಿ ಸರಕಾರಕ್ಕೆ ಒಟ್ಟು ಬೆಳೆಯ ಆರನೆಯ ಒಂದು, ಬ್ರಾಹ್ಮಣರಿಗೆ ಇಪ್ಪತ್ತನೆಯ ಒಂದು, ದೇವಸ್ಥಾನಗಳಿಗೆ ಮೂವತ್ತನೆಯ ಒಂದು ಎಂದು ಪಾಲು ಮಾಡಲಾಗಿತ್ತೆಂದು ಅವನು ವಿವರಿಸುತ್ತಾನೆ. ಬಿದನೂರಿನ ಅರಸರು ಅದರ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಹಳೆಯ ‘ಶಿಸ್ತು’, ಅಂದರೆ ಮೂಲ ತೀರ್ವೆಯ ಮೇಲೆ ‘ಶಾಮಿಲು’ ಎಂಬ ಹೆಚ್ಚುವರಿಯನ್ನು ಹೇರಿದ. ಟಿಪ್ಪುವಿನ ಕಾಲದಲ್ಲಿ ಅದು ಇನ್ನಷ್ಟು ಬೆಳೆದು ಅನೇಕ ಗದ್ದೆಗಳು ಬೀಳುಬಿದ್ದವು ಎಂಬುದು ಅವನ ವಾದದ ಸಾರಾಂಶ. ಇದರೊಡನೆಯೇ ಅವನು ಹೇಳಿದ ಇನ್ನೊಂದು ಮಾತು, ಕೆನರಾದ ಸಾಗುವಳಿ ಭೂಮಿ ಬಹುತೇಕ ಎಲ್ಲವೂ ಖಾಸಗಿ ಆಸ್ತಿ, ಅದನ್ನು ಮಾರಬಹುದು, ಅಡವಿಡಬಹುದು, ಬಳುವಳಿಯಾಗಿ ಪಡೆಯಬಹುದು ಎಂಬುದು, ಮುಂದೆ ನೂರು ವರ್ಷ ನ್ಯಾಯಾಲಯಗಳಲ್ಲಿ ಪ್ರತಿಧ್ವನಿಸಿತು. ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು 1812ರಲ್ಲಿ ಸಲ್ಲಿಸಿದ ಐದನೆಯ ವರದಿಯ ಅನುಬಂಧದಲ್ಲಿ ಈ ಪತ್ರವನ್ನು ಸೇರಿಸಿದ್ದರಿಂದ, ಕೆನರಾವನ್ನು ಭೂಪಟದಲ್ಲಿ ಮಾತ್ರ ಕಂಡ ರಾಜಕಾರಣಿಗಳೂ ಅದನ್ನು ಓದಿದರು.

ಮೇ 31 ಎಂಬ ಈ ತಾರೀಖನ್ನು ಆ ತಿಂಗಳುಗಳ ಘಟನೆಗಳ ಪಕ್ಕದಲ್ಲಿಟ್ಟು ನೋಡಬೇಕು. 1799-1800ರಲ್ಲಿ ಕೆನರಾದ ದಕ್ಷಿಣ ಭಾಗ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಟಿಪ್ಪುವಿನ ಕಾಲದಲ್ಲಿ ತಲಶೇರಿಯಲ್ಲಿ ಆಂಗ್ಲರ ಆಶ್ರಯದಲ್ಲಿದ್ದ ವಿಟ್ಲದ ಹೆಗ್ಗಡೆ ತನ್ನ ಸೀಮೆಯನ್ನು ಮರಳಿ ಪಡೆಯಲು ಬಂದು, ಅದು ದೊರೆಯದೆ ದಂಗೆಯೆದ್ದ. ಬೆಳ್ತಂಗಡಿಯ ಬಳಿಯ ಜಮಲಾಬಾದ್ ಕೋಟೆ, ಅಂದರೆ ಟಿಪ್ಪು 1794ರಲ್ಲಿ ನರಸಿಂಹ ಅಂಗಡಿಯೆಂಬ ಪೇಟೆಯ ಮೇಲಿನ ಬಂಡೆಯಲ್ಲಿ ಕಟ್ಟಿಸಿ ತಾಯಿಯ ಹೆಸರಿಟ್ಟದ್ದು, ಇಂದು ಗಡಾಯಿಕಲ್ಲು ಎನ್ನಿಸಿಕೊಳ್ಳುವುದು, 1799ರಲ್ಲಿ ಕಂಪನಿಗೆ ದಕ್ಕಿದರೂ 1800ರಲ್ಲಿ ತಿಮ್ಮನಾಯಕನೆಂಬ ದಂಗೆಕೋರನ ಜನ ಅದನ್ನು ಮರಳಿ ಹಿಡಿದರು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಆ ಕೋಟೆಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಒಂದೇ ಇಕ್ಕಟ್ಟಾದ ದಾರಿ. ಮೂರು ತಿಂಗಳು ಮುತ್ತಿಗೆ ಹಾಕಿ ಒಳಗಿದ್ದವರ ಅನ್ನನೀರು ನಿಲ್ಲಿಸಿದ ಮೇಲೆಯೇ ಅದು ಕಂಪನಿಯ ಕೈಸೇರಿತು. ಸಿಕ್ಕಿಬಿದ್ದವರಲ್ಲಿ ಹಲವರು ಗಲ್ಲಿಗೇರಿದರು, ವಿಟ್ಲದ ಹೆಗ್ಗಡೆಗೂ ಅದೇ ವರ್ಷ ಅದೇ ಗತಿ ಬಂತು. ನೆರಿಯ, ಬಂಗಾಡಿ, ಚಾರ್ಮಾಡಿಗಳಿಂದ ನೇತ್ರಾವತಿಯ ಕಣಿವೆಗೆ ಇಳಿಯುವ ಸೀಮೆಯಲ್ಲಿ ಸರಕಾರ ಯಾವುದೆಂಬುದೇ ಆ ಮಳೆಗಾಲದ ಮುಂಚೆ ಪ್ರಶ್ನೆಯಾಗಿತ್ತು. ಹಾಗಿರುವಾಗ ಹಳೆಯ ಅರಸುಮನೆತನಗಳಿಗೆ ಸೀಮೆಯನ್ನು ಮರಳಿಸಕೂಡದೆಂದೂ, ರೈತನ ಹಕ್ಕು ನೇರವಾಗಿ ಸರಕಾರದೊಡನೆ ಇರಬೇಕೆಂದೂ, ತೀರ್ವೆಯನ್ನು ತುಸು ಇಳಿಸಬೇಕೆಂದೂ ಮನ್ರೋ ಬರೆದದ್ದನ್ನು ತಟಸ್ಥನೊಬ್ಬನ ಸಮೀಕ್ಷೆಯೆಂದು ಓದುವುದು ಸರಿಯಲ್ಲ. ಬಂಗರು, ಅಜಿಲರು, ಚೌಟರು, ಹೆಗ್ಗಡೆಗಳಂಥ ಅರಸುಮನೆತನಗಳು ನಡುವೆ ಇಲ್ಲದ ಒಂದು ಹಳೆಯ ವ್ಯವಸ್ಥೆಯನ್ನು ಚರಿತ್ರೆಯಲ್ಲಿ ತೋರಿಸುವುದು ಆ ತಿಂಗಳು ಕಂಪನಿಗೆ ಬಹಳ ಅಗತ್ಯವಾಗಿತ್ತು. ಮೂಡಬಿದ್ರೆಯ ಚೌಟರಿಗೆ ಸೀಮೆಯ ಬದಲು ವರ್ಷಾಶನ ಉಳಿಯಿತು. ಕುಂಬಳೆಯ ಅರಸು ಮನೆತನ 1804ರಲ್ಲಿ ಅದಕ್ಕೆ ಒಪ್ಪಿಕೊಂಡಿತು.

ಅದೇ ವರ್ಷದ ನವೆಂಬರ್ 9ರ ಮನ್ರೋನ ಇನ್ನೊಂದು ಪತ್ರ ಹುಟ್ಟಿದ್ದು ಬೇರೆಯೇ ಸನ್ನಿವೇಶದಲ್ಲಿ. ಅಷ್ಟು ಹೊತ್ತಿಗೆ ದಂಗೆ ಅಡಗಿತ್ತು. ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿದ್ದ ಬಂಡಾಯಗಾರ ಧೋಂಡಿಯ ವಾಘ್ ಸೆಪ್ಟೆಂಬರ್ 10ರಂದು ಕೊಣಗಲ್ಲಿನಲ್ಲಿ ಹತನಾಗಿದ್ದ. ವೆಲ್ಲೆಸ್ಲಿಯ ಸೈನ್ಯಕ್ಕೆ ಕೆನರಾದ ಅಕ್ಕಿ ಒದಗಿಸಿದ ಮನ್ರೋ ಹೈದರಾಬಾದಿನ ನಿಜಾಮನಿಂದ ಬಂದ ಬಳ್ಳಾರಿ, ಕಡಪ ಸೀಮೆಗಳಿಗೆ ವರ್ಗವಾಗಿದ್ದ. ಕೆನರಾವನ್ನು ಎರಡಾಗಿ ಮಾಡಿ ದಕ್ಷಿಣ ಭಾಗವನ್ನು ರೇವನ್‌ಶಾ ಎಂಬವನಿಗೆ ವಹಿಸಲಾಗುತ್ತಿತ್ತು. ಬಂಗಾಳದಲ್ಲಿ 1793ರಲ್ಲಿ ಮಾಡಿದಂತೆ ಶಾಶ್ವತ ಜಮಾಬಂದಿ, ಅಂದರೆ ತೀರ್ವೆಯನ್ನು ಎಂದೆಂದಿಗೂ ಬದಲಾಗದಂತೆ ನಿಗದಿಮಾಡುವ ಕ್ರಮವನ್ನು ಇಲ್ಲಿಯೂ ತರಬೇಕೇ ಎಂಬುದು ಆಗಿನ ಪ್ರಶ್ನೆ, ಮತ್ತು ಮನ್ರೋನ ಉತ್ತರ ಆ ಕ್ರಮಕ್ಕೆ ವಿರುದ್ಧವಾಗಿರಲಿಲ್ಲ. ರೈತವಾರಿ ಪದ್ಧತಿಯ ಪ್ರವರ್ತಕನೆಂದು ಪಠ್ಯಪುಸ್ತಕಗಳು ಹೊಗಳುವ ಮನ್ರೋ ರೂಪುಗೊಂಡದ್ದು ಆ ಬಳಿಕದ ಏಳು ವರ್ಷಗಳಲ್ಲಿ, ಬಳ್ಳಾರಿಯ ಕಪ್ಪುಮಣ್ಣಿನ ಊರುಗಳಲ್ಲಿ. ಅವನ 1807ರ ಅಭಿಪ್ರಾಯವನ್ನು 1800ರ ಕೆನರಾಕ್ಕೆ ಹಚ್ಚಿ ‘ಮನ್ರೋ ಇಲ್ಲಿ ರೈತವಾರಿ ತಂದ’ ಎನ್ನುವುದು ತಾರೀಖುಗಳನ್ನು ಅದಲುಬದಲು ಮಾಡಿದ್ದರ ಫಲ. ಅವನು ಬರುವ ಮುಂಚೆಯೇ ಇಲ್ಲಿ ವರ್ಗದಾರನ ಹೆಸರಿನಲ್ಲಿ ಲೆಕ್ಕವಿತ್ತು. ವರ್ಗವೆಂದರೆ ಒಬ್ಬನ ಹೆಸರಿಗಿರುವ, ಕೆಲವೊಮ್ಮೆ ಹಲವು ಊರುಗಳಲ್ಲಿ ಹರಡಿರುವ ಭೂಮಿಯ ಒಟ್ಟು ಹಿಡುವಳಿ. ಅವನು ಅದನ್ನು ಉಳಿಸಿಕೊಂಡನೇ ಹೊರತು ಸೃಷ್ಟಿಸಲಿಲ್ಲ, ಗದ್ದೆಗಳನ್ನು ಅಳೆಯಿಸಲೂ ಇಲ್ಲ. ಕ್ರಮಬದ್ಧವಾದ ಅಳತೆಗೆ ಜಿಲ್ಲೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಕಾಯಬೇಕಾಯಿತು.

ಮನ್ರೋನ ಪತ್ರಗಳು ಓದುಗರಿಗೆ ತಲುಪಿದ ದಾರಿಯೂ ಎಚ್ಚರವನ್ನು ಬೇಡುತ್ತದೆ. ಅವನು 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ ಮೂರು ವರ್ಷಗಳಲ್ಲಿ ಪಾದ್ರಿ ಗ್ಲೀಗ್ ಅವನ ಜೀವನಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಹೊರತಂದು, ಸರಕಾರಿ ಪತ್ರಗಳ ಜೊತೆಗೆ ತಂದೆಗೂ ತಂಗಿಗೂ ಬರೆದವನ್ನೂ ಅಚ್ಚುಹಾಕಿದ. ಆರ್ಥರ್ ವೆಲ್ಲೆಸ್ಲಿಯ ಪತ್ರಗಳನ್ನು ಕರ್ನಲ್ ಗರ್ವುಡ್ 1834ರಿಂದ ಪ್ರಕಟಿಸತೊಡಗಿದಾಗ ಪತ್ರ ಬರೆದವನು ಇನ್ನೂ ಬದುಕಿದ್ದ. ಜೀವಂತರಿಗೆ ಮುಜುಗರವಾಗದಂತೆ ಹಲವು ಕಡೆ ಹೆಸರುಗಳ ಜಾಗದಲ್ಲಿ ಬರಿಯ ಗೆರೆಗಳು ಬಂದವು. 1858ರ ಬಳಿಕ ಮಗನು ಹೊರತಂದ ಪೂರಕ ಸಂಪುಟಗಳಲ್ಲಿ ಹೆಚ್ಚಿನ ಪತ್ರಗಳು ಬೆಳಕು ಕಂಡವು. ಈಚಿನ ಸಂಪಾದಕರು ತಾವು ಊಹಿಸಿದ ತಾರೀಖನ್ನು ಚೌಕ ಆವರಣದಲ್ಲಿಯೂ, ಖಾತ್ರಿಯಿಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆಯೂ ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮುದ್ರಣಗಳನ್ನು ಓದುವಾಗ ಅಂಥ ಗುರುತಿನ ಭರವಸೆ ಇಟ್ಟುಕೊಳ್ಳುವಂತಿಲ್ಲ, ಮತ್ತು ಅಲ್ಲಿಂದ ಕನ್ನಡಕ್ಕೆ ಬಂದ ಉಲ್ಲೇಖಗಳಲ್ಲಿ ಊಹೆ ಯಾವುದು, ಮೂಲದ್ದು ಯಾವುದು ಎಂಬ ಭೇದವೇ ಉಳಿದಿರುವುದಿಲ್ಲ. ಮೂಲಗಳು ಈಗ ಹಂಚಿಹೋಗಿವೆ: ಮನ್ರೋನ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ವೆಲಿಂಗ್ಟನ್ನನ ಕಾಗದಗಳು 1983ರಿಂದ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ, ಕಂದಾಯ ಮಂಡಳಿಯ ಸಂಪುಟಗಳು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿ. ಚೆನ್ನೈಯಲ್ಲಿರುವುದು ಬಹುಪಾಲು ಗುಮಾಸ್ತರು ಪ್ರತಿಮಾಡಿದ ನಕಲು; ಅದರಲ್ಲಿ ಜಲಚಿಹ್ನೆಯೂ ಬರೆದವನ ಕೈಬರಹವೂ ಇಲ್ಲ, ಆದರೆ ಮಂಡಳಿಯ ಮುಂದೆ ಪತ್ರ ಬಂದ ದಿನದ ಅನುಕ್ರಮದಲ್ಲಿಯೇ ಸಂಪುಟ ಕಟ್ಟಿರುವುದರಿಂದ, ತಾರೀಖಿಲ್ಲದ ಮೂಲಕ್ಕಿಂತ ತಾರೀಖುಳ್ಳ ನಕಲು ಹೆಚ್ಚು ಬೆಲೆಬಾಳುವ ಪ್ರಸಂಗಗಳಿವೆ.

ಆಂಗ್ಲ ಪತ್ರಗಳ ವಾದವನ್ನು ಒರೆಗೆ ಹಚ್ಚಬಲ್ಲ ಸಾಕ್ಷ್ಯ ಇರುವುದು ಊರುಗಳಲ್ಲಿ. ಮನ್ರೋ ಎರಡು ಬಗೆಯ ಒಕ್ಕಲುಗಳನ್ನು ಗುರುತಿಸಿದ್ದ: ನಿಗದಿಯಾದ ಗೇಣಿಗೆ ಶಾಶ್ವತ ಹಕ್ಕು ಪಡೆದ ಮೂಲಗೇಣಿದಾರ, ಧಣಿಯ ಇಷ್ಟದಂತೆ ಬದಲಾಗಬಹುದಾದ ಚಾಲಗೇಣಿದಾರ. ಭೂಮಾಲಿಕತ್ವವನ್ನು ಅಷ್ಟು ವಿಸ್ತಾರವಾಗಿ ಚರ್ಚಿಸಿದ ಪತ್ರ ಚಾಲಗೇಣಿಯವನ ಬಗ್ಗೆ ಹೇಳುವುದು ಕಡಿಮೆ, ಗದ್ದೆಯಲ್ಲಿ ದುಡಿದ ಆಳಿನ ಬಗ್ಗೆ ಇನ್ನೂ ಕಡಿಮೆ. 1801ರ ಆರಂಭದಲ್ಲಿ ಈ ಸೀಮೆಯಲ್ಲಿ ಪ್ರಯಾಣ ಮಾಡಿ ಜಮಲಾಬಾದ್, ವೇಣೂರು, ಮೂಡಬಿದ್ರೆಗಳನ್ನು ಕಂಡ ಫ್ರಾನ್ಸಿಸ್ ಬುಕಾನನ್, ದಿನದಿನದ ತಾರೀಖಿನೊಡನೆ ಬರೆದಿಟ್ಟು 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ದುಡಿಯುವವರ ಕೂಲಿಯ ವಿಷಯಕ್ಕೂ ಕೈಹಾಕುತ್ತಾನೆ. ಮನ್ರೋನ ಪತ್ರದ ಪಕ್ಕದಲ್ಲಿ ಅದನ್ನಿಟ್ಟು ಓದುವುದು ಕನಿಷ್ಠ ಅಗತ್ಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿ ಉಳುವವನಿಗೆ ಹಕ್ಕು ಕೊಟ್ಟಾಗ ದಕ್ಷಿಣ ಕನ್ನಡದ ಮನೆಗಳಲ್ಲಿದ್ದ ಗೇಣಿಚೀಟುಗಳು ಹಕ್ಕಿಗಾಗಿ ಸಲ್ಲಿಸಿದ ಡಿಕ್ಲರೇಷನ್ನಿನ ಜೊತೆ ಒಮ್ಮೆ ಹೊರಬಂದವು, ಕೆಲಸ ಮುಗಿದ ಮೇಲೆ ಅವುಗಳ ಬೆಲೆ ಹೋಯಿತೆಂದು ಎಷ್ಟೋ ಕಡೆ ಒಲೆಗೆ ಸೇರಿದವು.

ನೆರಿಯ, ಬಂಗಾಡಿ, ಚಾರ್ಮಾಡಿ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಕಡತ, ಓಲೆ, ಚೀಟು ಉಳಿದಿದ್ದರೆ ಅವುಗಳನ್ನು ಕಾಪಾಡುವ ಮನೆಯವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಕಟ್ಟನ್ನು ಬಿಚ್ಚಿ ದೊಡ್ಡದು ಚಿಕ್ಕದೆಂದು ಬೇರೆ ಮಾಡಬಾರದು, ಏಕೆಂದರೆ ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬ ಅನುಕ್ರಮವೇ ತಾರೀಖಿಲ್ಲದ ಹಾಳೆಗೆ ತಾರೀಖು ಕೊಡಬಲ್ಲದು. ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಊಹಿಸಿದ ವರ್ಷವನ್ನು ಪೆನ್ನಿನಿಂದ ಮೂಲದ ಮೇಲೆ ಬರೆಯಬಾರದು. ಹೊರಕವಚ, ದಾರ, ಅರಗಿನ ಚೂರು ಯಾವುದನ್ನೂ ಎಸೆಯಬಾರದು. ಅವುಗಳನ್ನು ಓದಿ ಪಟ್ಟಿಮಾಡಲು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೋ ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹಕ್ಕೋ ತೋರಿಸುವುದು ಒಳಿತು. ಮನ್ರೋನ ಮಾತಿಗೆ ಲಂಡನ್ನಿನಲ್ಲಿ ಮೂಲಪ್ರತಿಯಿದೆ. ಅವನು ತೀರ್ವೆ ಹಾಕಿದ ಗದ್ದೆಗಳವರ ಮಾತಿಗೆ ಈ ಅಟ್ಟಗಳನ್ನು ಬಿಟ್ಟರೆ ಬೇರೆ ಪ್ರತಿಯಿಲ್ಲ.